ಕಾಕು ವಾಪಸ್ ತೆಗೆದುಕೊಂಡ ಮಾತು

ಟಪ್. ಒಂದು ಉಸಿರಿನಷ್ಟು ಬಿಟ್ಟು ಇನ್ನೊಂದು ಟಪ್. ಚವಳಿಕಾಯಿಯ ತುದಿ ಮುರಿಯುವ ಸದ್ದು ಅದು. ಮೈಸೂರಿನ ನಾವು ಅದನ್ನು ಗೋರಿಕಾಯಿ ಅನ್ನುತ್ತೇವೆ, ಇಲ್ಲಿ ಮುಂಬೈ ಕಡೆಯ ತರಕಾರಿಯವರು ಗವಾರ್ ಅನ್ನುತ್ತಾರೆ. ನಾನು ಬರೆಯಹೊರಟಿರುವವರು ವಿಜಯಪುರದ ಕಡೆಯವರು. ಅವರ ಬಾಯಲ್ಲಿ ಅದು ಚವಳಿಕಾಯಿ, ಹಾಗಾಗಿ ಈಗ ನನ್ನ ಬಾಯಲ್ಲೂ ಅದೇ. ಮಾರ್ಕೆಟ್ಟಿನಲ್ಲಿ ಯಾರಾದರೂ ಎಳೆಯದೋ ಬಲಿತದ್ದೋ ಎಂದು ನೋಡಲು ಒಂದು ಕಾಯಿ ಮುರಿದರೆ ಸಾಕು, ನನ್ನ ಎದೆ ಈಗಲೂ ಧಸಕ್ಕೆನ್ನುತ್ತದೆ. ಏಳನೇ ಮಹಡಿಯ ಒಂದು ಮುಚ್ಚಿದ ಬಾಗಿಲು ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಡಾಕ್ಟರು ಇದನ್ನು ಆಂಗ್ಝೈಟಿ ಅನ್ನುತ್ತಾರೆ. ಆ ವಿಜಯಪುರದವರು ಮಾತ್ರ 'ಕಾನ್ವೆಂಟ್ ಧಡಧಡಿ' ಅನ್ನುತ್ತಿದ್ದರು.

ನವಿ ಮುಂಬೈ ಕಾಮೋಠೆಯ ನಮ್ಮ ಬಿಲ್ಡಿಂಗಿನಲ್ಲಿ ಅವರು ಎಲ್ಲರಿಗೂ ಕಾಕು, ಅಂದರೆ ಚಿಕ್ಕಮ್ಮ. ಮರಾಠಿಯವರಿಗೂ ಕಾಕು, ಕನ್ನಡದವರಿಗೂ ಕಾಕು, ಕೊನೆಗೆ ಅವರಿಗಿಂತ ವಯಸ್ಸಿನಲ್ಲಿ ದೊಡ್ಡವಳಾದ ನನಗೂ ಕಾಕು. ಇಡೀ ಸರ್ವಿಸನ್ನು ಮುಂಬೈಯ ವಿಟಿ ಸ್ಟೇಷನ್ ಹತ್ತಿರದ ಒಂದು ಸರ್ಕಾರಿ ಆಫೀಸಿನಲ್ಲಿ ಕಳೆದವರು. ಮನೆ ಡೊಂಬಿವಿಲಿಯಲ್ಲಿ. ಅಂದರೆ ಅರ್ಧ ಜೀವನ ಆಫೀಸಿನಲ್ಲಿ, ಇನ್ನರ್ಧ ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿಯಲ್ಲಿ. ರಿಟೈರ್ ಆಗಿ, ಯಜಮಾನರೂ ತೀರಿಕೊಂಡ ಮೇಲೆ ನಮ್ಮ ಬಿಲ್ಡಿಂಗಿಗೆ ಬಂದರು. ಬಂದ ವಾರದಲ್ಲೇ ವಾಚ್‌ಮನ್ನನ ಹೆಂಡತಿಯ ತವರು ಯಾವುದು, ಸೆಕ್ರೆಟರಿಯ ಶುಗರ್ ಎಷ್ಟು, ನನ್ನ ಗಂಡ ಯಾವ ಕಾಯಿಲೆಯಿಂದ ಹೋದರು, ಎಲ್ಲ ಅವರಿಗೆ ಗೊತ್ತಾಗಿತ್ತು.

ನನ್ನ ಸ್ವಭಾವ ಇದಕ್ಕೆ ಪೂರಾ ಉಲ್ಟಾ. ನಾನು ಓದಿದ್ದು ಸಿಸ್ಟರ್‌ಗಳ ಕೈಕೆಳಗೆ. ಸಿಟ್ ಸ್ಟ್ರೇಟ್, ಸ್ಪೀಕ್ ಸಾಫ್ಟ್ಲಿ, ಡೋಂಟ್ ಪ್ರೈ. ಇನ್ನೊಬ್ಬರ ವಿಷಯಕ್ಕೆ ಇಣುಕುವುದು ನಮಗೆ ಕನ್‌ಫೆಷನ್ನಿನಲ್ಲಿ ಹೇಳಬೇಕಾದಂಥ ಪಾಪವಾಗಿತ್ತು. ಕಾಕುಗೆ ಇಣುಕದೇ ಇರುವುದೇ ಪಾಪ. "ಮಂದಿ ಮನ್ಯಾಗಿನ ಸುದ್ದಿ ಕೇಳೂದಿಲ್ಲ ಅಂದ್ರ ಮಂದಿ ಯಾಕ ಬೇಕ್ರಿ ಕಾನ್ವೆಂಟ್ ಅಕ್ಕಾರ? ನಾಲ್ಕು ಗ್ವಾಡಿ ನೋಡ್ಕೋತ ಕುಂದರಬಹುದಲ್ಲ?" ಎಂದು ನನ್ನನ್ನೇ ಕೇಳುತ್ತಿದ್ದರು. ಆ ಹೆಸರು ಅವರೇ ಇಟ್ಟದ್ದು. ನನಗೆ ಒಳಗೊಳಗೇ ಹಿಡಿಸಿತ್ತು.

ಚವಳಿಕಾಯಿಯ ವಿಷಯಕ್ಕೆ ಬರುತ್ತೇನೆ. ಮುಂಬೈಯ ಲೋಕಲ್ ಟ್ರೇನಿನಲ್ಲಿ ಓಡಾಡಿದ ಯಾವ ಹೆಂಗಸಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಂಜೆ ಆಫೀಸು ಬಿಟ್ಟು ಸ್ಟೇಷನ್ ಹೊರಗೆ ತರಕಾರಿ ಕೊಂಡು, ಸೀಟು ಸಿಕ್ಕ ತಕ್ಷಣ ತೊಡೆಯ ಮೇಲೆ ಪೇಪರ್ ಹರಡಿ ಮೆಂತ್ಯ ಬಿಡಿಸುವುದು, ಬಟಾಣಿ ಸುಲಿಯುವುದು. ಊರು ಬರುವಷ್ಟರಲ್ಲಿ ಪಲ್ಯಕ್ಕೆ ತಯಾರಿ ಮುಗಿದಿರುತ್ತದೆ. ಕಾಕು ಒಂದು ಹೆಜ್ಜೆ ಮುಂದೆ. ಪಕ್ಕದಲ್ಲಿ ಯಾರೇ ಕೂತಿರಲಿ, ಗುರುತಿರಲಿ ಇಲ್ಲದಿರಲಿ, ಅರ್ಧ ಕಾಯಿ ಅವರ ತೊಡೆಗೆ ಸುರಿದುಬಿಡುತ್ತಿದ್ದರಂತೆ. ಕೇಳುವುದಿಲ್ಲ, ಪ್ಲೀಸ್ ಇಲ್ಲ, ಏನಿಲ್ಲ. ಕೈ ಕೆಲಸಕ್ಕೆ ಬಿದ್ದ ಹೆಂಗಸರು ಠಾಣೆ ಬರುವುದರೊಳಗೆ ಅತ್ತೆಯ ಕಾಟದಿಂದ ಹಿಡಿದು ಎದೆಯ ಗಂಟಿನವರೆಗೆ ಹೇಳಿಕೊಂಡಿರುತ್ತಿದ್ದರು.

"ಎದುರಿಗೆ ಕುಂತು, ಕಣ್ಣಾಗ ಕಣ್ಣಿಟ್ಟು, ಏನಾಗ್ಯದ ಹೇಳು ಅಂದ್ರ ಅದು ಪೊಲೀಸ್ ಚೌಕಿ ಆಗ್ತದ," ಎನ್ನುವರು ಕಾಕು. "ಬಾಜೂಕ ಕುಂದರಬೇಕು. ಕೈಗೆ ಕೆಲಸ ಕೊಡಬೇಕು. ಬಾಯಿ ತಾನ ಬಿಚ್ಚತದ."

ಇಷ್ಟು ಓದಿ ಇವರೊಬ್ಬ ಜ್ಞಾನಿ ಎಂದು ಯಾರಾದರೂ ತಿಳಿದರೆ ತಪ್ಪು. ಬಾಯಿ ಬಿಚ್ಚಿಸುವುದು ಬರುತ್ತಿತ್ತೇ ಹೊರತು ಬಿಚ್ಚಿದ ಬಾಯಿಯನ್ನು ಮಾತಾಡಲು ಬಿಡುವುದು ಅವರಿಗೆ ಬರುತ್ತಲೇ ಇರಲಿಲ್ಲ. ಎದುರಿನವರು ಎರಡು ವಾಕ್ಯ ಆಡುವಷ್ಟರಲ್ಲಿ ಇವರ ತೀರ್ಪು ಬಂದಿರುತ್ತಿತ್ತು. ಅತ್ತೆಯನ್ನು ಬಿಟ್ಟು ಬೇರೆ ಇರು, ಶನಿವಾರ ಮಾಡು, ಆ ಡಾಕ್ಟರನ್ನು ಬಿಡು, ನನ್ನ ಡಾಕ್ಟರ ಹತ್ತಿರ ಹೋಗು. ಅಡುಗೆಯಲ್ಲಿ ಉಪ್ಪು ಹೆಚ್ಚಾದರೂ "ತಪ್ಪಾಯಿತು" ಎಂಬ ಮಾತು ಆ ಬಾಯಿಂದ ಬಂದದ್ದಿಲ್ಲ. "ಈ ಕಾಮೋಠೆ ನೀರ ಉಪ್ಪದ" ಎಂದುಬಿಡುತ್ತಿದ್ದರು.

ಹೀಗಿದ್ದಾಗ ನಮ್ಮ ಕನ್ನಡ ಬಳಗದ ಒಬ್ಬ ಹುಡುಗ, ಘಣಸೋಲಿ ಕಡೆ ಕೆಲಸದಲ್ಲಿದ್ದವನು, ತಾನೇ ಜೀವ ಕಳೆದುಕೊಂಡ. ರಾಜ್ಯೋತ್ಸವದಲ್ಲಿ ಕುರ್ಚಿ ಹಾಕುತ್ತಿದ್ದ ಹುಡುಗ. ಎಲ್ಲರೂ ಒಂದೇ ಮಾತು ಆಡಿದರು: ಗೊತ್ತೇ ಆಗಲಿಲ್ಲ. ಅದನ್ನೇ ಮತ್ತೆ ಮತ್ತೆ ಕೇಳಿ ಕೇಳಿ ನನಗೆ ಭಯ ಶುರುವಾಯಿತು. ಲಿಫ್ಟಿನಲ್ಲಿ ಯಾರು ಸುಮ್ಮನೆ ನಿಂತಿದ್ದರೂ ಇವರು ಸರಿ ಇದ್ದಾರೆಯೇ ಅನ್ನಿಸುತ್ತಿತ್ತು. ಕೆಲವು ತಿಂಗಳಾದ ಮೇಲೆ ಬಳಗದವರು ಸೀವುಡ್ಸ್‌ನ ಒಂದು ಹಾಲ್‌ನಲ್ಲಿ ಮೆಂಟಲ್ ಹೆಲ್ತ್ ಫಸ್ಟ್ ಏಡ್ ಕ್ಲಾಸು ಇಟ್ಟರು. ಸಂಕಟದಲ್ಲಿರುವವರನ್ನು ಗುರುತಿಸುವುದು ಹೇಗೆ, ಡಾಕ್ಟರ ಕೈಗೆ ಮುಟ್ಟುವ ತನಕ ಅವರ ಜೊತೆ ಇರುವುದು ಹೇಗೆ ಎಂದು ಕಲಿಸುವ ಕ್ಲಾಸು. ಆ ಭಯಕ್ಕೇ ನಾನು ಕ್ಲಾಸಿಗೆ ಹೆಸರು ಬರೆಸಿದೆ. ಕಾಕು ನನ್ನ ಜೊತೆಗೆ ಬಂದರು, ಕಲಿಯಲಿಕ್ಕಲ್ಲ. "ನನಗೇನ ಕಲಿಸ್ತಾರ ಅವರು? ನಾ ಇದನ್ನ ಡೊಂಬಿವಿಲಿ ಫಾಸ್ಟ್‌ನಾಗ ಮಾಡೀನಿ."

ಕಲಿಸಲು ಬಂದದ್ದು ಠಾಣೆಯಲ್ಲೇ ಹುಟ್ಟಿ ಬೆಳೆದ ಹುಡುಗಿ. ಮನೆಮಾತು ತುಳು. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ. ಗಾಯಕ್ಕೆ ಬ್ಯಾಂಡೇಜ್ ಕಟ್ಟುವವರು ಆಪರೇಷನ್ ಮಾಡಲು ಹೋಗಬಾರದು ಎಂದು ಶುರುಮಾಡಿದಳು. ತೀರ್ಪು ಕೊಡಬೇಡಿ, ಉಪದೇಶ ಬೇಡ, ಕೇಳಿಸಿಕೊಳ್ಳಿ. ನಾನು ಕಾಕು ಕಡೆ ನೋಡಿದೆ. ಅವರು ಫ್ಯಾನಿನ ಕಡೆ ನೋಡುತ್ತಿದ್ದರು.

ಕಷ್ಟವಾದದ್ದು ಆ ಒಂದು ಪ್ರಶ್ನೆ. ಎದುರಿನವರ ಮಾತಿನಲ್ಲಿ ಸಾವಿನ ನೆರಳು ಕಂಡರೆ ಸುತ್ತಿ ಬಳಸದೆ ನೇರವಾಗಿ ಕೇಳಬೇಕು, ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಬದಲಿಗೆ ಒಬ್ಬರಿಗಾದರೂ ಹೇಳಬಹುದು ಎಂಬ ನಿರಾಳ ಅವರಿಗಾಗುತ್ತದೆ ಎಂದಳು ಹುಡುಗಿ. ನಾನು ಎಲೊಕ್ಯೂಷನ್ ಸ್ಪರ್ಧೆಯಲ್ಲಿ ನಿಂತವಳಂತೆ ಇಂಗ್ಲಿಷಿನಲ್ಲಿ ಕೇಳಿಬಿಟ್ಟೆ: "ಆರ್ ಯೂ ಥಿಂಕಿಂಗ್ ಆಫ್ ಎಂಡಿಂಗ್ ಯುವರ್ ಲೈಫ್?" ಪರ್ಫೆಕ್ಟ್ ಅಂದಳು. ಆಮೇಲೆ, "ಅಬ್ ಕನ್ನಡ ಮೇ ಪೂಛಿಯೇ, ಆಂಟಿ."

ಬಾಯಿ ತೆರೆದೆ. ನಾಲಗೆ ಮೇಲೇಳಲಿಲ್ಲ. ಇಂಗ್ಲಿಷಿನಲ್ಲಿ ಅದು ಪುಸ್ತಕದ ವಾಕ್ಯ. ಕನ್ನಡದಲ್ಲಿ ಅದು ನನ್ನ ಅಮ್ಮ ಕೇಳಿಸಿಕೊಳ್ಳುತ್ತಾರೆ ಅನ್ನಿಸುವಂಥ ಮಾತು.

ಮುಂದೆ ಕಾಕು ಸರದಿ. ನಾಟಕದ ಹಾಗೆ ಆಡಿ ತೋರಿಸಬೇಕು. ನಾನು ಸಂಕಟದಲ್ಲಿರುವವಳು, ಅವರು ಕೇಳಿಸಿಕೊಳ್ಳುವವರು. ನಾನು ತಲೆ ತಗ್ಗಿಸಿ, "ಬದುಕಿ ಏನು ಪ್ರಯೋಜನ, ಹೋಗಿಬಿಡೋಣ ಅನ್ಸುತ್ತೆ" ಅಂದೆ.

"ಬಿಡ್ತು ಅನ್ರಿ!" ಅಂದರು ಕಾಕು.

ಹಾಲ್‌ಗೆ ಹಾಲೇ ನಕ್ಕಿತು. ಅಶುಭದ ಮಾತು ಬಾಯಿಂದ ಬಿದ್ದ ಕೂಡಲೇ ನಮ್ಮ ಹಿರಿಯರು ಕಿವಿ ಹಿಡಿದು ಹೇಳಿಸುತ್ತಿದ್ದ ಆ ಮಾತು ಅಲ್ಲಿದ್ದ ಎಲ್ಲರ ಮನೆಯದೂ ಆಗಿತ್ತು. ಇನ್ನೊಮ್ಮೆ ಆಡಿದೆವು. ಇನ್ನೊಮ್ಮೆ ಬಿಡ್ತು. ಮೂರನೆಯ ಸಲ ಬಾಯಿಗೆ ಸೆರಗು ಒತ್ತಿಕೊಂಡರು, ಸೆರಗಿನ ಒಳಗಿಂದಲೇ ಬಂತು: ಬಿಡ್ತು.

"ಕಾಕು, ದರ್ವಾಜಾ ಬಂದ್ ಹೋ ಗಯಾ," ಅಂದಳು ಹುಡುಗಿ, ಮೆತ್ತಗೆ. "ಅವರು ಈಗಷ್ಟೇ ಬಾಗಿಲು ತೆಗೆದಿದ್ದರು" ಎಂಬರ್ಥದ್ದನ್ನು ಹಿಂದಿಯಲ್ಲಿ ಹೇಳಿದಳು.

"ಕೆಟ್ಟ ಮಾತು ಗಾಳ್ಯಾಗ ಹಂಗ ಬಿಡಬಾರದವ್ವಾ," ಕಾಕು ವಾದಕ್ಕೆ ನಿಂತರು. "ಮ್ಯಾಲ ಅಸ್ತು ದೇವತಿಗಳು ಓಡಾಡ್ತಿರ್ತಾವ. ಯಾವಾಗ ಅಸ್ತು ಅಂತಾವೋ ಯಾರಿಗೆ ಗೊತ್ತು?"

"ಆ ದೇವತೆಗಳಿಗೆ ಮೊದಲು ಕೇಳಿಸಬೇಕಾ, ನಿಮಗೆ ಕೇಳಿಸಬೇಕಾ?" ಎಂದು ಕೇಳಿಬಿಟ್ಟಳು ಹುಡುಗಿ. ಅಷ್ಟನ್ನು ಮಾತ್ರ ಕಷ್ಟಪಟ್ಟು ಕನ್ನಡದಲ್ಲೇ ಕೇಳಿದಳು. ಕಾಕು ಸೆರಗು ಸರಿಮಾಡಿಕೊಂಡು ಮತ್ತೆ ಫ್ಯಾನಿನ ಕಡೆ ನೋಡಿದರು.

ವಾಪಸ್ ಬರುವಾಗ ಟ್ರೇನಿನಲ್ಲಿ ಅವರು ನನ್ನ ಮೇಲೆ ಆ ಪ್ರಶ್ನೆಯ ಪ್ರಾಕ್ಟೀಸ್ ಶುರುಮಾಡಿದರು, ತಮ್ಮ ದೊಡ್ಡ ಗಂಟಲಿನಲ್ಲಿ. "ಜೀವಾ ಕಳಕೋಬೇಕು ಅಂತ ವಿಚಾರ ಬರ್ತದೇನ್ರಿ ನಿಮಗ?" ಬಾಗಿಲ ಹತ್ತಿರ ಬುಟ್ಟಿ ಇಟ್ಟುಕೊಂಡು ನೆಲಕ್ಕೆ ಕೂತಿದ್ದ ಒಬ್ಬಾಕೆ, ರಾಯಚೂರ ಕಡೆಯವಳಿರಬೇಕು, ಗಾಬರಿಯಿಂದ ತಲೆ ಎತ್ತಿದಳು. "ಯಾಕ್ರಬೇ ಅಮ್ಮಾ, ಮನ್ಯಾಗ ಎಲ್ಲಾ ಚೊಲೋ ಐತಿಲ್ಲೋ?" ನಾನು ಸೀಟಿನೊಳಗೆ ಇಳಿದುಹೋಗುವಷ್ಟು ನಾಚಿದೆ. ಕಾಕು ಅವಳಿಗೆ ಕ್ಲಾಸಿನ ಕತೆಯನ್ನೆಲ್ಲ ಹೇಳಿದರು. ನಾವು ಇಳಿಯುವ ಮಾನಸರೋವರ ಸ್ಟೇಷನ್ ಬರುವಷ್ಟರಲ್ಲಿ ಅವಳೂ ತನ್ನ ತಂಗಿಯ ವಿಷಯ ಹೇಳಿಕೊಂಡಿದ್ದಳು.

ಈಗ ಏಳನೇ ಮಹಡಿ.

ಅಲ್ಲಿ ಗಂಡ ಹೆಂಡತಿ ಇಬ್ಬರು ಬಾಡಿಗೆಗೆ ಇದ್ದರು. ನಮ್ಮ ಮೈಸೂರಿನ ಕಡೆಯ ಹುಡುಗಿ, ಐರೋಲಿಯ ಒಂದು ಫೈನಾನ್ಸ್ ಆಫೀಸಿನಲ್ಲಿದ್ದವಳು. ಗಂಡನಿಗೆ ವಾರವೆಲ್ಲ ಪುಣೆಯಲ್ಲಿ ಕೆಲಸ, ಶನಿವಾರ ಬರುವುದು. ಅವಳು ಆಫೀಸಿಗೆ ರಜೆ ಹಾಕಿ ಮನೆಯಲ್ಲಿರುವುದನ್ನು ಮೊದಲು ಗಮನಿಸಿದ್ದು ಕಾಕು. ಮೊದಲೆಲ್ಲ ಕೆಳಗೆ ವಾಕಿಂಗ್ ಬರುತ್ತಿದ್ದವಳು ಬರುವುದು ನಿಲ್ಲಿಸಿದ್ದಳು. ಅವಳ ಬಾಲ್ಕನಿಯಲ್ಲಿ ಒಣಗಿದ ಬಟ್ಟೆ ಹಾಗೇ ಇರುತ್ತಿತ್ತು, ಇಳಿಸುವವರಿಲ್ಲದೆ. ನಾನು ದಿನವೂ ಕೆಳಗಿನಿಂದ ಆ ಬಟ್ಟೆಗಳನ್ನು ನೋಡುವುದು, ಇವತ್ತಾದರೂ ತೆಗೆದಿದ್ದಾಳೆಯೇ ಎಂದು. ಮೇಲೆ ಹೋಗಿ ಬೆಲ್ ಮಾಡುವ ಧೈರ್ಯ ನನ್ನದಲ್ಲ. ಕಾಕು ಒಂದು ಬೆಳಗ್ಗೆ ಹೋಗಿ, "ಏಳು, ನನ್ನ ಮನಿಗೆ ನಡಿ, ಚವಳಿಕಾಯಿ ಭಾಳ ಅದಾವ" ಎಂದು ಕರೆದುಕೊಂಡೇ ಬಂದರು. ಆಮೇಲೆ ನನಗೂ ಬುಲಾವ್ ಬಂತು. ಅಡುಗೆಮನೆಯಲ್ಲಿ ಚಾಪೆಯ ಮೇಲೆ ಅವರಿಬ್ಬರು, ನನ್ನ ಮೊಣಕಾಲಿಗಾಗಿ ನನಗೊಂದು ಸ್ಟೂಲ್. ಹೀಗೆ ಆಗಾಗ ನಡೆಯತೊಡಗಿತು. ಹುಡುಗಿಯದು ಮಾತು ಕಡಿಮೆ. ಕಾಯಿ ಮಾತ್ರ ತುಂಬ ನಾಜೂಕಾಗಿ, ಎಲ್ಲ ಒಂದೇ ಉದ್ದಕ್ಕೆ ಮುರಿಯುತ್ತಿದ್ದಳು. ಕಾಕು ಆ ದಿನಗಳಲ್ಲಿ ಪಟ್ಟ ಪಾಡು ನನಗೆ ಕಾಣುತ್ತಿತ್ತು. ಉಪದೇಶ ಗಂಟಲಿಗೆ ಬಂದಾಗಲೆಲ್ಲ ಒಂದು ಚೂರು ಹಸಿ ಕಾಯಿ ಬಾಯಿಗೆ ಹಾಕಿಕೊಂಡು ಅಗಿಯುತ್ತಿದ್ದರು.

ಅವತ್ತೂ ಹಾಗೇ ಕೂತಿದ್ದೆವು. ಕುಕ್ಕರ್ ಆರಲು ಇಟ್ಟಿತ್ತು. ಹುಡುಗಿ ಕೈಯಲ್ಲಿದ್ದ ಕಾಯಿಯನ್ನೇ ನೋಡುತ್ತ ಅಂದಳು: "ಕಾಕು, ನಾನು ಇಲ್ದೇ ಇದ್ರೆ ಎಲ್ಲರಿಗೂ ಎಷ್ಟು ಈಸಿ ಆಗತ್ತೆ ಅಲ್ವಾ. ಬೆಳಗ್ಗೆ ಏಳದೇ ಇದ್ರೆ ಸಾಕು ಅನ್ಸತ್ತೆ."

ಬಂತು, ಕ್ಲಾಸಿನಲ್ಲಿ ಹೇಳಿದ್ದ ಗಳಿಗೆ ಬಂತು, ಈಗ ಕಾಕು ಆ ಪ್ರಶ್ನೆ ಕೇಳುತ್ತಾರೆ ಎಂದುಕೊಂಡೆ.

"ಬಿಡ್ತು ಅನ್ನು!" ಅಂದರು ಕಾಕು. ಜೋರಾಗಿ, ಪ್ರೀತಿಯಿಂದ, ನಮ್ಮ ಅಜ್ಜಿಯಂದಿರು ಅನ್ನುವ ಹಾಗೇ.

ಹುಡುಗಿ ನಕ್ಕಳು. "ಬಿಡ್ತು," ಅಂದಳು, ಒಳ್ಳೆಯ ಮನೆಯ ವಿಧೇಯ ಮಗುವಿನ ಹಾಗೆ. ಇನ್ನೂ ಕೆಲವು ಕಾಯಿ ಮುರಿದಳು. ಕೈ ಒರೆಸಿಕೊಂಡಳು. "ಒಂದು ಕಾಲ್ ಇದೆ ಕಾಕು, ಬರ್ತೀನಿ," ಅಂದಳು. ಹೋದಳು. ಆ ನಗುವನ್ನು ನಾನು ಸಾಯುವ ತನಕ ಮರೆಯಲಾರೆ. ಬಾಗಿಲು ಹಾಕಿಕೊಳ್ಳುವವರು ಬಂದವರಿಗೆ ನೋವಾಗದ ಹಾಗೆ ಹಾಕಿಕೊಳ್ಳುವ ರೀತಿಯ ನಗು ಅದು.

ಕಾಕುವಿನ ಕೈಗಳು ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದವು. ಕೊನೆಗೆ, "ಅಕ್ಕಾರ, ನಾ ಏನ್ ಮಾಡ್ದೆ?" ಎಂದು ಕೇಳಿದರು. ನನ್ನಲ್ಲಿ ಕ್ಲಾಸಿನ ಹುಡುಗಿಯ ಫೋನ್ ನಂಬರು ಇತ್ತು. ಫೋನ್ ಮಾಡಿ, ಕಾಕುಗೂ ಕೇಳಿಸಲೆಂದು ಸ್ಪೀಕರ್ ಮೇಲೆ ಹಾಕಿದೆ. ಅವಳು ಬೈಯಲಿಲ್ಲ. ನಾಳೆಗೆ ಬಿಡಬೇಡಿ, ಈಗಲೇ ಹೋಗಿ, ನೇರವಾಗಿ ಕೇಳಿ, ಹೌದು ಎಂದರೆ ಒಂಟಿಯಾಗಿ ಬಿಡಬೇಡಿ, ಉತ್ತರವೇ ಬರದಿದ್ದರೆ ಗಂಡನಿಗೂ ವಾಚ್‌ಮನ್ನನಿಗೂ ಹೇಳಿ ಬಾಗಿಲು ತೆಗೆಸಿ ಎಂದಳು. ಹೆಲ್ಪ್‌ಲೈನಿನ ನಂಬರನ್ನೂ ವಾಶಿಯ ಒಬ್ಬ ಡಾಕ್ಟರ ನಂಬರನ್ನೂ ಕಳಿಸಿದಳು.

ನಾವು ಮೇಲೆ ಹೋದೆವು. ಬೆಲ್ ಮಾಡಿದೆವು. ಬಾಗಿಲು ತೆಗೆಯಲಿಲ್ಲ. ನನ್ನ ಫೋನಿಗೆ ಮೆಸೇಜ್ ಬಂತು: ಐ ಆ್ಯಮ್ ಫೈನ್ ಆಂಟಿ, ಜಸ್ಟ್ ಸ್ಲೀಪಿಂಗ್. ಮೆಸೇಜ್ ಬಂತಲ್ಲ, ಇದ್ದಾಳೆ ಎಂದು ಒಂದು ಉಸಿರು ಬಂತು. ಮಲಗಿದವಳು ಮೆಸೇಜ್ ಹೇಗೆ ಮಾಡುತ್ತಾಳೆ ಎಂದು ಆ ಉಸಿರು ಅಲ್ಲೇ ಸಿಕ್ಕಿಕೊಂಡಿತು. ನನಗೆ ಓಡಿಹೋಗಿ ವಾಚ್‌ಮನ್ನನನ್ನು ಕರೆಯಬೇಕು ಅನ್ನಿಸಿತು, ಇಡೀ ಬಿಲ್ಡಿಂಗ್ ಸೇರಿದರೆ ಅವಳ ಮಾನ ಏನಾಗಬೇಕು ಅನ್ನಿಸಿತು, ಮಾನ ಮುಖ್ಯವೋ ಜೀವ ಮುಖ್ಯವೋ ಅನ್ನಿಸಿತು. ಹೋಲಿ ಮೇರಿ ಹೇಳಿಕೊಂಡೆ. ನಾನು ಕ್ರಿಶ್ಚಿಯನ್ ಅಲ್ಲ, ಆದರೆ ಭಯವಾದಾಗ ಬರುವುದು ಅದೇ.

ಕಾಕು ಕೆಳಗೆ ಹೋಗಿ ಚವಳಿಕಾಯಿಯ ಬುಟ್ಟಿ ತಂದರು. ಅವಳ ಬಾಗಿಲ ಪಕ್ಕ, ಚಪ್ಪಲಿ ಸ್ಟ್ಯಾಂಡಿನ ಹತ್ತಿರ, ನೆಲದ ಮೇಲೆ ಕೂತರು. ಮುರಿಯತೊಡಗಿದರು. ಟಪ್. ಟಪ್. ಆ ಲ್ಯಾಂಡಿಂಗ್ ಖಾಲಿ ಡಬ್ಬಿಯ ಹಾಗೆ, ಸಣ್ಣ ಸದ್ದೂ ದೊಡ್ಡದಾಗುತ್ತಿತ್ತು. ಪಕ್ಕದ ಫ್ಲಾಟಿನ ಮರಾಠಿ ಹೆಂಗಸು ಇಣುಕಿ, "ಕಾಯ್ ಝಾಲಂ ಕಾಕು, ಇಥೇ ಕಾ ಬಸಲಾ?" ಎಂದರು, ಇಲ್ಲೇಕೆ ಕೂತಿದ್ದೀರಿ ಎಂದು. "ನಮ್ಮ ಮನ್ಯಾಗ ಗಾಳಿ ಇಲ್ಲ, ಇಲ್ಲಿ ಹವಾ ಛಲೋ ಅದ" ಎಂದು ಕಾಕು ಕನ್ನಡದಲ್ಲೇ ಹೇಳಿ ಅವರನ್ನು ಒಳಗೆ ಕಳಿಸಿದರು. ಗಾಳಿಯ ಸುಳಿವೇ ಇರಲಿಲ್ಲ. ಕಾಕು ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು.

ನಾನು ಲಿಫ್ಟಿನ ಬಳಿ ಫೋನ್ ಹಿಡಿದು ನಿಂತಿದ್ದೆ, ಅವಳ ಗಂಡನ ನಂಬರಿನ ಮೇಲೆ ಹೆಬ್ಬೆರಳಿಟ್ಟುಕೊಂಡು. ಕಾಕು ಬಾಗಿಲ ಕಡೆ ತಿರುಗಲಿಲ್ಲ. ಎದುರಿನ ಗೋಡೆಗೆ ಹೇಳುವವರಂತೆ ಹೇಳಿದರು:

"ತಂಗೀ, ನಾ ಇಲ್ಲೇ ಕುಂತೀನಿ. ಆಗಲೇ ನಿನ್ನ ಬಾಯಿಲೆ ಬಿಡ್ತು ಅನಿಸಿದ್ನಲ್ಲ, ಅದನ್ನ ನಾ ವಾಪಸ್ ತೊಗೊಂಡೀನಿ. ನಂದು ತಪ್ಪಾತು. ನೀ ಅಂದದ್ದು ಅಂದಂಗ ಇರ್ಲಿ. ಮತ್ತ ಅನ್ನು. ನಾ ಕೇಳ್ತೀನಿ."

ಒಳಗೆ ಏನೂ ಇಲ್ಲ. ಟಪ್. ಟಪ್. ಕಾಕು ಕಾಯಿ ಮುರಿಯುತ್ತಲೇ ಇದ್ದರು. ನನ್ನ ಹೆಬ್ಬೆರಳು ಇನ್ನೇನು ಒತ್ತಬೇಕು, ಒಳಗೆ ಚಿಲಕ ಸರಿದ ಸದ್ದಾಯಿತು. ಮರದ ಬಾಗಿಲು ತೆರೆಯಿತು. ಹೊರಗಿನ ಜಾಲರಿಯ ಸೇಫ್ಟಿ ಡೋರ್ ಹಾಗೇ ಇತ್ತು. ಹುಡುಗಿ ಜಾಲರಿಯ ಆ ಕಡೆ ನೆಲಕ್ಕೆ ಕುಸಿದು ಕೂತಳು, ತಲೆ ಬಾಚಿರಲಿಲ್ಲ. ಕಾಕು ಆಗಲೂ ಅವಳ ಮುಖ ನೋಡಲಿಲ್ಲ. ಒಂದು ಹಿಡಿ ಕಾಯಿ ತೆಗೆದು, ಒಂದೊಂದಾಗಿ ಜಾಲರಿಯ ಕಿಂಡಿಯಿಂದ ಒಳಗೆ ತೂರಿಸಿದರು. ಆಮೇಲೆ ಈ ಕಡೆ ಒಂದು ಟಪ್, ಆ ಕಡೆ ಒಂದು ಟಪ್.

ಆಗ ಕಾಕು ಕೇಳಿದರು. ಅದೇ ಪ್ರಶ್ನೆ, ಟ್ರೇನಿನಲ್ಲಿ ಊರಿಗೆಲ್ಲ ಕೇಳಿಸಿದ್ದ ಪ್ರಶ್ನೆ. ಈಗ ಎಷ್ಟು ತಗ್ಗಿದ ದನಿಯಲ್ಲಿ ಕೇಳಿದರೆಂದರೆ ನಾನು ಕಿವಿಗೊಡಬೇಕಾಯಿತು. "ಜೀವಾ ಕಳಕೋಬೇಕು ಅಂತ ವಿಚಾರ ಬರ್ತದೇನು ತಂಗೀ ನಿನಗ?"

"ಹ್ಞೂಂ," ಅಂದಳು ಹುಡುಗಿ.

ಕಾಕು ಬಾಯಿ ತೆರೆದದ್ದು ನನಗೆ ಕಂಡಿತು. ತುಟಿ 'ಬಿ' ಅನ್ನುವಂತೆ ಕೂಡಿತು ಕೂಡ. ನಾನು ಕಣ್ಣು ಮುಚ್ಚಿದೆ. ಕೇಳಿಸಿದ್ದು ಬೇರೆ: "ಭಾಳ ದಿನದಿಂದೇನು?"

ಆಮೇಲೆ ಹುಡುಗಿ ಮಾತಾಡಿದಳು. ಅದೇನೆಂದು ಇಲ್ಲಿ ಬರೆಯುವುದಿಲ್ಲ, ಅದು ಅವಳದು. ಕಾಕು ನಡುವೆ ಒಂದೇ ಒಂದು ಪರಿಹಾರವನ್ನೂ ಹೇಳಲಿಲ್ಲ. ಹಸಿ ಕಾಯಿ ಅಗಿಯಲೂ ಇಲ್ಲ. ಮುಗಿದ ಮೇಲೆ, "ಇಷ್ಟು ಒಬ್ಬಾಕೀನ ಹೊತ್ತೀ ನೋಡು," ಅಂದರು. "ಇವತ್ತ ನಿನ್ನ ಒಬ್ಬಾಕಿನ್ನ ಬಿಡೂದಿಲ್ಲ. ನಿನ್ನ ಗಂಡಗ ಫೋನ್ ಹಚ್ಚೋಣ. ನೀ ಮಾತಾಡ್ತೀಯೋ, ನಾ ಮಾತಾಡ್ಲ್ಯೋ?"

"ನೀವು," ಅಂದಳು. ಸೇಫ್ಟಿ ಡೋರ್ ತೆಗೆದಳು.

ಗಂಡ ಪುಣೆಯಿಂದ ಹೊರಟು ಸಂಜೆಗೆ ಬಂದ. ಅಷ್ಟು ಹೊತ್ತೂ ನಾವಿಬ್ಬರು ಅವಳ ಜೊತೆ ಇದ್ದೆವು. ನಾನು ಅವಳ ಬಾಲ್ಕನಿಯ ಬಟ್ಟೆ ಇಳಿಸಿ ಮಡಿಸಿಟ್ಟೆ, ನನಗೆ ಮಾಡಲು ಬರುವುದು ಅದೇ. ಮರುದಿನ ಗಂಡ ಹೆಂಡತಿ ವಾಶಿಯ ಡಾಕ್ಟರ ಬಳಿ ಹೋದರು. ಔಷಧ, ಮಾತು, ಒಳ್ಳೆಯ ವಾರ, ಕೆಟ್ಟ ವಾರ. ಪೂರ್ತಿ ಸರಿಹೋದಳು ಎಂದು ನಾನು ಬರೆಯಲಾರೆ, ಹಾಗೆಂದು ಅವಳೂ ಹೇಳುವುದಿಲ್ಲ. ಈಗ ಐರೋಲಿಗೆ ಹೋಗಿಬರುತ್ತಾಳೆ. ಬಟ್ಟೆ ಒಣಗಿದ ದಿನವೇ ಇಳಿಯುತ್ತದೆ. ಕೆಳಗಿನಿಂದ ನಾನು ಇನ್ನೂ ನೋಡುತ್ತೇನೆ.

ಒಂದು ಮಾತು ಹೇಳಲೇಬೇಕು. ಬಿಲ್ಡಿಂಗಿನ ಸುದ್ದಿಯೆಲ್ಲ ಕಾಕು ಬಾಯಿಂದಲೇ ಹರಡುತ್ತಿದ್ದದ್ದು. ಈ ಒಂದು ಸುದ್ದಿ ಹೊರಗೆ ಬರಲಿಲ್ಲ. ಆ ಮರಾಠಿ ಹೆಂಗಸು ಎಷ್ಟು ಸಲ ಕೆದಕಿದರೂ ಕಾಕು, "ಅವತ್ತ ಹವಾ ಭಾಳ ಛಲೋ ಇತ್ತು" ಎನ್ನುತ್ತಿದ್ದರು.

ಕಳೆದ ವರ್ಷ ಕಾಕುಗೆ ಹೊಟ್ಟೆಯ ಕಾಯಿಲೆ ಅಂತ ತಿಳಿಯಿತು. ಠಾಣೆಯ ಮಾಜಿವಾಡಾದಲ್ಲಿರುವ ಮಗಳು ಬಂದು ಕರೆದುಕೊಂಡು ಹೋದಳು. ಡಾಕ್ಟರು ಇನ್ನು ಹೆಚ್ಚು ಏನೂ ಮಾಡಲಿಕ್ಕಾಗುವುದಿಲ್ಲ ಅಂದ ಮೇಲೆ ನಾನು ನೋಡಲು ಹೋದೆ. ಠಾಣೆಯವರೆಗೆ ಟ್ರೇನು, ಅಲ್ಲಿಂದ ರಿಕ್ಷಾ. ಬರಿಗೈಲಿ ಹೋಗಬಾರದೆಂದು ಹಣ್ಣು ತೆಗೆದುಕೊಳ್ಳಲು ನಿಂತವಳು, ಸ್ಟೇಷನ್ ಹೊರಗೆ ಗವಾರ್ ಕಂಡು ಅದನ್ನೇ ತೆಗೆದುಕೊಂಡೆ.

ಕಾಕು ಹಾಸಿಗೆಯಲ್ಲಿ ದಿಂಬಿಗೆ ಒರಗಿದ್ದರು. ಅರ್ಧ ಆಗಿಹೋಗಿದ್ದರು. ಮಗಳು ಚಹಾ ತಂದಿಟ್ಟು, "ಆಯೀ ಏಕ್‌ದಮ್ ಬರಿ ಹೋಣಾರ್, ಡಾಕ್ಟರ್ ಮ್ಹಣಾಲೇ" ಎಂದು ನನಗೆ ಹೇಳಿದಳು, ಅವರು ಹುಷಾರಾಗುತ್ತಾರಂತೆ ಎಂದು. ದನಿ ಮಾತ್ರ ಅಳುವಿನ ಅಂಚಿನಲ್ಲಿತ್ತು. ಅವಳು ಅಡುಗೆಮನೆಗೆ ಹೋದ ಮೇಲೆ ಕಾಕು ನನ್ನ ಕೈಯ ಚೀಲ ನೋಡಿದರು. ನಾನು ಎದುರಿನ ಕುರ್ಚಿ ಬಿಟ್ಟು ಮಂಚದ ಅಂಚಿಗೆ, ಅವರ ಪಕ್ಕಕ್ಕೆ ಬಂದು, ಪೇಪರ್ ಹರಡಿ ಅರ್ಧ ಕಾಯಿ ಅವರ ತೊಡೆಗೆ ಸುರಿದೆ. ಕೇಳಲಿಲ್ಲ. ಪ್ಲೀಸ್ ಅನ್ನಲಿಲ್ಲ.

ಬೆರಳುಗಳಲ್ಲಿ ಬಲವಿರಲಿಲ್ಲ. ಆದರೂ ಒಂದು ಮುರಿದರು, ಇನ್ನೊಂದು ಮುರಿದರು.

"ಅಕ್ಕಾರ," ಅಂದರು, "ಈ ಸಲದ ದೀಪಾವಳಿ ನಾ ನೋಡೂದಿಲ್ಲ."

ಬಿಡ್ತು ಅನ್ನಿ. ಅದು ನನ್ನ ನಾಲಗೆಯ ತುದಿಯಲ್ಲಿತ್ತು. ಅಮ್ಮನ ದನಿಯಲ್ಲಿ, ಅಜ್ಜಿಯ ದನಿಯಲ್ಲಿ, ಕಾಕುವಿನದೇ ದನಿಯಲ್ಲಿ ಬಂದು ಹಲ್ಲಿನ ಹಿಂದೆ ನಿಂತಿತ್ತು. ಒಂದು ಹಸಿ ಕಾಯಿ ತೆಗೆದು ಬಾಯಿಗೆ ಹಾಕಿಕೊಂಡೆ. ಕಹಿ, ನಾರು.

ಕಾಕು ಓರೆಗಣ್ಣಿನಿಂದ ನೋಡಿದರು. "ಬಾಯಿ ತನಾ ಬಂದಿತ್ತು, ಹೌದಿಲ್ಲೋ?"

"ಬಂದಿತ್ತು," ಅಂದೆ. ಅಗಿದದ್ದನ್ನು ನುಂಗಿದೆ. "ಭಯ ಆಗ್ತಿದೆಯಾ ಕಾಕು?"

"ಆಗ್ತದ್ರಿ," ಅಂದರು. "ಇಲ್ಲಿ ಯಾರೂ ಕೇಳವಲ್ರು."

ಕನ್ನಡದಲ್ಲಿ ಕೇಳಿಬಿಟ್ಟಿದ್ದೆ ಎಂದು ಆಮೇಲೆ ಗೊತ್ತಾಯಿತು. ಅವರು ತಮ್ಮ ಭಯವನ್ನು ಹೇಳಿಕೊಂಡರು. ಇಬ್ಬರ ಕಣ್ಣೂ ಕಾಯಿಯ ಮೇಲೆ. ಚಹಾ ಆರಿ ಕೆನೆ ಕಟ್ಟಿತು. ಅವರು ಹೇಳಿದ್ದನ್ನೂ ಇಲ್ಲಿ ಬರೆಯುವುದಿಲ್ಲ.

ನಾನು ಹೊರಟಾಗ ಮಗಳು ಬಾಗಿಲ ತನಕ ಬಂದಳು. ಚಪ್ಪಲಿ ಹಾಕಿಕೊಂಡು ಸೇಫ್ಟಿ ಡೋರಿನ ಜಾಲರಿಯೊಳಗಿಂದ ಒಮ್ಮೆ ತಿರುಗಿ ನೋಡಿದೆ. ಹಾಲ್‌ನ ಆಚೆ ಕೋಣೆಯ ಬಾಗಿಲು ತೆರೆದೇ ಇತ್ತು. ಕಾಕು ಒಂದು ಚವಳಿಕಾಯಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಮುರಿಯಲು ನೋಡುತ್ತಿದ್ದರು. ಅದು ಬಾಗಿತು, ಮುರಿಯಲಿಲ್ಲ. "ಎಲ್ಲಾ ಬಲಿತಾವ್ರೀ ಅಕ್ಕಾರ," ಎಂದು ಅಲ್ಲಿಂದಲೇ ಕೂಗಿದರು, "ಕಾನ್ವೆಂಟ್‌ನಾಗ ಇದೊಂದ ಕಲಿಸಲಿಲ್ಲ ನೋಡ್ರಿ ನಿಮಗ." ಮಗಳ ಕಡೆ ತಿರುಗಿ, ತಮ್ಮ ಪಕ್ಕದ ಹಾಸಿಗೆಯನ್ನು ಅಂಗೈಯಿಂದ ಎರಡು ಸಲ ತಟ್ಟಿದರು. ಮಗಳು ಒಳಗೆ ಹೋಗಿ ಅಲ್ಲಿ ಕೂತಳು. ಕಾಕು ಪೇಪರನ್ನು ಅವಳ ತೊಡೆಯ ಕಡೆ ಸರಿಸುತ್ತಿದ್ದರು, ಲಿಫ್ಟ್ ಬಂತು.